ಆರು ತಿಂಗಳು ಕೋರ್ಟು ಬಿಟ್ಟರೆ ಫೈಲು ಯಾರ ಕೈಗೆ? ಮೂವತ್ತೈದು ದಾಟಿ ಮಗು ಬಯಸುವ ವಕೀಲೆಯರ ಪ್ರಶ್ನೆ

ಕರಿಕೋಟು_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಸಿವಿಲ್ ಸೈಡ್ ಪ್ರಾಕ್ಟೀಸು, ಮೈಸೂರಲ್ಲಿ ಸ್ವಂತ ಆಫೀಸು. ತವರು ಪಾಂಡವಪುರದ ಕಡೆ, ಹಾಗಾಗಿ ಅಲ್ಲಿಯ ಕೋರ್ಟಲ್ಲೂ ಶ್ರೀರಂಗಪಟ್ಟಣದಲ್ಲೂ ಫೈಲುಗಳಿವೆ. ಬಹುಪಾಲು ಆಸ್ತಿ ವಿಭಾಗದ ದಾವೆ, ಇಂಜಂಕ್ಷನ್ನು (ತಡೆಯಾಜ್ಞೆ), ಒಂದಿಷ್ಟು ಚೆಕ್ ಬೌನ್ಸು. ವಯಸ್ಸು 36. ಸೀನಿಯರ್ ಆಫೀಸಿನಲ್ಲಿ ವರ್ಷಗಟ್ಟಲೆ ಡೇಟು ತೆಗೆದುಕೊಂಡು, ಆಮೇಲೆ ಬೋರ್ಡು ಹಾಕಿ, ಮದುವೆ ಆಗೋ ಹೊತ್ತಿಗೆ 33. "ಪ್ರಾಕ್ಟೀಸು ಒಂದು ದಡಕ್ಕೆ ಬರಲಿ" ಅಂತ ನಾನೂ ನಮ್ಮವರೂ ಮಗು ವಿಷಯ ಮುಂದೆ ಹಾಕಿದ್ವಿ. ಈಗ ಡಾಕ್ಟರು ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಅಂತ ತೋರಿಸೋ ಪರೀಕ್ಷೆ) ಕಡಿಮೆ ಇದೆ, ಇನ್ನು ಕಾಯಬೇಡಿ, ಐವಿಎಫ್ ಬಗ್ಗೆ ಯೋಚನೆ ಮಾಡಿ ಅಂದಿದ್ದಾರೆ.

ಯಾವ ಡಾಕ್ಟರು ಒಳ್ಳೆಯವರು ಅಂತ ಕೇಳ್ತಿಲ್ಲ, ಅದು ಗೊತ್ತುಮಾಡಿಕೊಂಡಿದ್ದೀನಿ. ಪ್ರಶ್ನೆ ಫೈಲುಗಳದ್ದು. ನಮ್ಮ ಹಳ್ಳಿ ಪಾರ್ಟಿಗಳಿಗೆ ಆಫೀಸು, ಜೂನಿಯರ್ರು ಅಂತೆಲ್ಲ ಇಲ್ಲ, "ನೀವೇ ನಿಂತ್ಕಬೇಕು ಮೇಡಂ" ಅಂತಾರೆ. ಬಸುರಿ ಅಂತ ಗೊತ್ತಾದ ದಿನವೇ "ಎನ್‌ಓಸಿ ಕೊಟ್ಬಿಡಿ, ಬೇರೆ ವಕೀಲರನ್ನ ಇಟ್ಕೋತೀವಿ" ಅಂತ ಬರೋರೂ ಇದ್ದಾರೆ, ನನ್ನ ಗೆಳತಿಯೊಬ್ಬಳಿಗೆ ಹಾಗೇ ಆಯ್ತು. ತಡವಾಗಿ ಹೆತ್ತು, ಪ್ರಾಕ್ಟೀಸನ್ನೂ ಉಳಿಸಿಕೊಂಡವರು ನಿಜವಾಗಿ ಏನು ಮಾಡಿದ್ರಿ? "ಧೈರ್ಯವಾಗಿರಿ, ಎಲ್ಲಾ ಒಳ್ಳೇದಾಗತ್ತೆ" ಅನ್ನೋದೊಂದು ಬೇಡ, ದಯವಿಟ್ಟು.

ಒಂಟಿಕೊಪ್ಪಲ್_ಹಳಬಳು

ನಾನು ವಕೀಲಿಕೆಯ ಸನ್ನದು ತೆಗೆದುಕೊಂಡಿದ್ದು 1984ರಲ್ಲಿ. ನಮ್ಮದು ನಿನ್ನ ಕಥೆಯ ತಿರುವುಮುರುವು ಕಣಮ್ಮ. ಓದು ಮುಗಿಯುವ ಮೊದಲೇ ಮದುವೆ, ಇಪ್ಪತ್ತೇಳರೊಳಗೆ ಎರಡು ಮಕ್ಕಳು. ಕೋರ್ಟಿಗೆ ಸರಿಯಾಗಿ ಹೋಗಲು ಶುರುಮಾಡಿದ್ದು ಚಿಕ್ಕವನು ಸ್ಕೂಲಿಗೆ ಸೇರಿದ ಮೇಲೆ. ನನ್ನ ಜೊತೆ ಎನ್‌ರೋಲ್ ಆದ ಗಂಡಸರು ಅಷ್ಟು ಹೊತ್ತಿಗೆ ಸ್ವಂತ ಆಫೀಸು ಮಾಡಿ ಜೂನಿಯರುಗಳನ್ನು ಇಟ್ಟುಕೊಂಡಿದ್ದರು. ನಾನು ಅವರಲ್ಲೇ ಒಬ್ಬರ ಆಫೀಸಿನಲ್ಲಿ ಜೂನಿಯರಾಗಿ ಕೂತೆ. ಹಾಗಾಗಿ "ಬೇಗ ಮಕ್ಕಳು ಮಾಡಿಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ" ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಬೇಗ ಮಾಡಿಕೊಂಡವರೂ ದಂಡ ಕಟ್ಟಿದ್ದೇವೆ.

ಕಾರ್ನೇಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದವರು. ಹೆಣ್ಣು ಎಂಬ ಕಾರಣಕ್ಕೆ ಸನ್ನದು ನಿರಾಕರಿಸಬಾರದು ಎಂಬ ಕಾಯಿದೆ ಬಂದಿದ್ದು 1923ರಲ್ಲಿ. ಬಾಗಿಲೇನೋ ತೆಗೆಯಿತು. ಒಳಗಿನ ವೇಳಾಪಟ್ಟಿ ಮಾತ್ರ ಮನೆಯಲ್ಲಿ ಹೆಂಡತಿ ಇರುವ ಗಂಡಸಿಗೆ ಹೊಂದುವಂಥದ್ದೇ ಉಳಿಯಿತು: ಹಗಲೆಲ್ಲ ಕೋರ್ಟು, ಸಂಜೆ ಆರರಿಂದ ರಾತ್ರಿ ಒಂಬತ್ತೂವರೆಯವರೆಗೆ ಆಫೀಸು, ಭಾನುವಾರ ಹಳ್ಳಿ ಪಾರ್ಟಿಗಳು. ಕೋರ್ಟು ಐದೂಮುಕ್ಕಾಲಿಗೆ ಏಳುತ್ತೆ ಎಂದು ಮನೆಯವರಿಗೆ ಗೊತ್ತು. ಅಸಲು ಕೆಲಸ ಆಮೇಲೆ ಶುರುವಾಗುತ್ತೆ ಎಂಬುದು ಗೊತ್ತಿರುವುದಿಲ್ಲ. ಮಗುವಿಗೆ ನೀನು ಬೇಕಾಗುವುದೂ ಅದೇ ಹೊತ್ತಿಗೆ.

ಕಬ್ಬಿನಗದ್ದೆ_ವಕೀಲ

ಮೇಡಂ, ನಾನೂ ಮಂಡ್ಯದಲ್ಲಿ ಪ್ರಾಕ್ಟೀಸ್ ಮಾಡೋನೆಯ. ವಿಭಾಗದ ದಾವೆ ಅಂತೀರಿ, ಅದಕ್ಯಾಕೆ ತಲೆ ಕೆಡಿಸ್ಕತೀರಿ? ನಮ್ಮ ಸೀನಿಯರ್ರು ಹಾಕಿದ ಪಾರ್ಟಿಷನ್ನು ಅವ್ರು ತೀರ್ಕಂಡ ಮೇಲೂ ಪಾಲು ಹಂಚೋ ಕೊನೇ ಹಂತ, ಎಫ್‌ಡಿಪಿಲಿ ಅದೆ. ಕಮಿಷನರ್ ವರದಿಗೆ ಒಂದ್ ವರ್ಷ, ಅದಕ್ಕೆ ಅಬ್ಜೆಕ್ಷನ್ ಹಾಕಕ್ಕೆ ಒಂದ್ ವರ್ಷ. ನೀವ್ ಆರ್ ತಿಂಗ್ಳು ಬರ್ದೆ ಇದ್ರೆ ಆ ಜಮೀನು ಎಲ್ಲೂ ಓಡೋಗಕಿಲ್ಲ. ಆದ್ರೂ ಒಂದ್ ಮಾತು, ಹೆಣ್ಮಕ್ಕಳು ಮೊದ್ಲು ಸಂಸಾರ ಅಂತ ಒಂದು ಮಾಡ್ಕಂಡು ಆಮ್ಯಾಕೆ ಕೋರ್ಟು ಅಂದಿದ್ರೆ ಇಷ್ಟು ಪರದಾಟ ಇರ್ತಿರಲಿಲ್ವೇನೋ.

ಮಳಲವಾಡಿ_ಮೆಟ್ಟಿಲು

ಸರ್, ಮೊದಲರ್ಧ ಒಪ್ಪಿದೆ, ಎರಡನೇ ಅರ್ಧಕ್ಕೆ ಅಬ್ಜೆಕ್ಷನ್. ಮೇಲಿನ ಹಿರಿಯರ ಪೋಸ್ಟು ಓದದೆ ಬರೆದಿದ್ದೀರಿ. ನಿಮ್ಮ ಕೊರಳಿನ ಬ್ಯಾಂಡು ಒಗೆದು ಇಸ್ತ್ರಿ ಮಾಡಿ ಇಡೋರು ಯಾರು ಅಂತ ಕ್ರಾಸ್ (ಪಾಟೀಸವಾಲು) ಮಾಡಬೇಕಾಗತ್ತೆ.

ಕಬ್ಬಿನಗದ್ದೆ_ವಕೀಲ

ನೋ ಕ್ರಾಸ್ ಅಂತ ಬರ್ಕಳಿ. 🙏

ಆರ್ಡರ್_ಹದಿನೇಳು

ಎಫ್‌ಡಿಪಿ ಕಾಯತ್ತೆ, ಸರಿ. ಇಂಜಂಕ್ಷನ್ ಐ.ಎ. (ಮಧ್ಯಂತರ ಅರ್ಜಿ) ಕಾಯಲ್ಲ, ಸಾಕ್ಷಿಗೆ ಬಂದ ಫೈಲು ಕಾಯಲ್ಲ, ಪ್ರತಿವಾದಿ ಪರ ಆದರೆ ರಿಟನ್ ಸ್ಟೇಟ್‌ಮೆಂಟಿಗೆ 30 ದಿನ, ಎಳೆದರೆ 90. ಇದರ ಜೊತೆಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 17 ರೂಲ್ 1 ಒಂದು ಸಲ ಓದಿ. ವಿಚಾರಣೆಯಲ್ಲಿ ಒಬ್ಬ ಪಾರ್ಟಿಗೆ ಮೂರಕ್ಕಿಂತ ಹೆಚ್ಚು ಅಡ್ಜರ್ನ್‌ಮೆಂಟ್ ಇಲ್ಲ. ವಕೀಲರಿಗೆ ಹುಷಾರಿಲ್ಲ ಅಂತ ಕೇಳಿದರೆ, ಆ ಪಾರ್ಟಿ ಸಕಾಲಕ್ಕೆ ಬೇರೆ ವಕೀಲರನ್ನು ಇಟ್ಟುಕೊಳ್ಳೋಕೆ ಆಗ್ತಿರಲಿಲ್ಲ ಅಂತ ಕೋರ್ಟಿಗೆ ಸಮಾಧಾನ ಆಗಬೇಕು. ನಿನ್ನೆ ರಾತ್ರಿ ಬೈಕಿಂದ ಬಿದ್ದು ಕಾಲು ಮುರ್ಕೊಂಡ ವಕೀಲನಿಗೆ ಇದು ಹೊಂದತ್ತೆ. ಹೆರಿಗೆ ತಿಂಗಳುಗಟ್ಟಲೆ ಮೊದಲೇ ಗೊತ್ತಿರೋ ತಾರೀಕು. ಅಂದಮೇಲೆ ಈ ನಿಯಮದ ಮುಂದೆ ಬಸುರಿ ವಕೀಲೆ ಕಾಲು ಮುರಿದವನಿಗಿಂತ ಬಡವಿ. 2005ರ ಸೇಲಂ ಬಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತೀರಾ ಕಷ್ಟದ ಸಂದರ್ಭದಲ್ಲಿ ಮೂರರ ಮಿತಿಯನ್ನು ಸಡಿಲಿಸಬಹುದು ಅಂದಿದೆ, ನಮ್ಮ ಜಡ್ಜುಗಳೂ ಮನುಷ್ಯರೇ, ಮೆಮೊ ಹಾಕಿದರೆ ಕೊಡ್ತಾರೆ. ಆದರೆ ಅದು ಅವರ ದಯೆ. ದಯೆ ನಂಬ್ಕೊಂಡು ಅಷ್ಟೂ ಫೈಲು ಬಿಟ್ಟು ಹೋಗೋಕೆ ಆಗಲ್ಲ.

ಇನ್ನೊಂದು. ಹೆರಿಗೆ ಸೌಲಭ್ಯದ 1961ರ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಆಗಿ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಬಂತು, 50 ಮತ್ತು ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಶಿಶುಮನೆ ಬಂತು. ಈಗ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ವಾರಗಳು ಅಷ್ಟೇ ಇವೆ. ಇದನ್ನು ಎಷ್ಟೋ ಹೆಣ್ಣುಮಕ್ಕಳ ಪರ ವಾದ ಮಾಡಿ ಕೊಡಿಸಿದ್ದೀನಿ. ನಮಗೆ ಒಂದು ವಾರವೂ ಇಲ್ಲ, ಯಾಕಂದ್ರೆ ಸ್ವತಂತ್ರ ವಕೀಲೆಗೆ ಯಜಮಾನ ಇಲ್ಲ. ನರೇಗಾ ಕೂಲಿಗೆ ಹೋಗೋ ತಾಯಂದಿರಿಗೆ ಗ್ರಾಮ ಪಂಚಾಯಿತಿಯಲ್ಲಿ "ಕೂಸಿನ ಮನೆ" ಇದೆ, ಇರಲೇಬೇಕು. ಆ ಪಂಚಾಯಿತಿ ಕಾರ್ಯದರ್ಶಿ ಮೇಲೆ ರಿಟ್ ಹಾಕೋ ವಕೀಲೆ ಮಾತ್ರ ಮಗುವನ್ನು ಗುಮಾಸ್ತರ ಕೈಲಿ ಕೊಟ್ಟು ಕೋರ್ಟ್ ಹಾಲಿಗೆ ಓಡ್ತಾಳೆ.

ಹೆರಿಗೆ_ವಾರ್ಡು

ವೈದ್ಯಕೀಯ ಸಲಹೆ ಬೇಡ ಅಂದಿದ್ದೀರಿ, ಆದರೂ ನಿಮ್ಮ ಕೇಸ್ ಡೈರಿಗೆ ಸಂಬಂಧಪಟ್ಟಿದ್ದರಿಂದ ಬರೀತಿದ್ದೀನಿ. ಐವಿಎಫ್ ಅಂದ್ರೆ ಒಂಬತ್ತು ತಿಂಗಳ ವಿಷಯ ಮಾತ್ರ ಅಲ್ಲ, ಅದಕ್ಕೂ ಮೊದಲು ಕೆಲವು ವಾರ ನಿಮ್ಮ ಡೈರಿ ನಿಮ್ಮ ಕೈಲಿ ಇರೋದಿಲ್ಲ. ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಇಂಜೆಕ್ಷನ್ ಶುರು, ಸುಮಾರು 10ರಿಂದ 12 ದಿನ, ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ನಡುನಡುವೆ ಸ್ಕ್ಯಾನ್. ಅಂಡಾಣು ಬೆಳೆದಿವೆ ಅಂತ ಕಂಡ ಮೇಲೆ ಟ್ರಿಗರ್ ಇಂಜೆಕ್ಷನ್, ಅದಾದ 34ರಿಂದ 36 ಗಂಟೆಗೆ ಅಂಡಾಣು ತೆಗೀಬೇಕು. ಅಲ್ಲಿ ಪಾಸ್ ಓವರ್ (ಸ್ವಲ್ಪ ಹೊತ್ತು ಬಿಟ್ಟು ಕರೀರಿ ಅಂತ) ಕೇಳೋ ಹಾಗಿಲ್ಲ. ಆ ದಿನ ಯಾವುದು ಅಂತ ಎರಡು ದಿನ ಮೊದಲಷ್ಟೇ ಖಚಿತ ಆಗೋದು. ತೆಗೆಯೋ ಕೆಲಸ ಅರ್ಧ ಗಂಟೆಯದ್ದು, ಆದರೆ ಅರಿವಳಿಕೆ ಕೊಟ್ಟಿರ್ತಾರೆ, ಅವತ್ತು ಕೋರ್ಟಿಗೆ ಹೋಗ್ತೀನಿ ಅನ್ನಬೇಡಿ. ಹಾಗೆ ಹೋಗ್ತೀನಿ ಅಂದ ವಕೀಲೆಯರನ್ನು ನೋಡಿದ್ದೀನಿ, ಅದಕ್ಕೇ ಹೇಳ್ತಿರೋದು.

ಎಎಂಎಚ್ ಕಡಿಮೆ ಅಂದ್ರೆ ಉಳಿದಿರೋ ಅಂಡಾಣು ಕಡಿಮೆ ಅಂತ. ಇರೋದು ಚೆನ್ನಾಗಿಲ್ಲ ಅಂತ ಆ ಪರೀಕ್ಷೆ ಹೇಳಲ್ಲ. ಗುಣಮಟ್ಟ ವಯಸ್ಸಿನ ಮೇಲೆ ಹೋಗತ್ತೆ, ಅದಕ್ಕೆ ಐವಿಎಫ್ ಔಷಧಿ ಅಲ್ಲ. ಡೌನ್ ಸಿಂಡ್ರೋಮ್ ಸಾಧ್ಯತೆ 25ರ ತಾಯಿಗೆ ಸುಮಾರು 1,250ಕ್ಕೆ ಒಂದು, 35ಕ್ಕೆ 350ಕ್ಕೆ ಒಂದರ ಆಸುಪಾಸು, 40ಕ್ಕೆ 100ಕ್ಕೆ ಒಂದರ ಹತ್ತಿರ. ಹೆದರಿಸೋಕೆ ಹೇಳ್ತಿಲ್ಲ, 40ರಲ್ಲೂ ನೂರರಲ್ಲಿ ತೊಂಬತ್ತೊಂಬತ್ತಕ್ಕೆ ಡೌನ್ ಸಿಂಡ್ರೋಮ್ ಇರಲ್ಲ. ಆದರೆ 11ರಿಂದ 13 ವಾರದ ಎನ್‌ಟಿ ಸ್ಕ್ಯಾನು, 18–20 ವಾರದ ಅನಾಮಲಿ ಸ್ಕ್ಯಾನು, 24–28 ವಾರದ ಶುಗರ್ ಟೆಸ್ಟು, ಈ ತಾರೀಕುಗಳನ್ನು ಡೈರಿಯಲ್ಲಿ ಮೊದಲು ಬರ್ಕೊಂಡು ಆಮೇಲೆ ಕೋರ್ಟಲ್ಲಿ ಡೇಟು ಕೇಳಿ. ಈ ವಯಸ್ಸಿಗೆ ಬಿಪಿ, ಶುಗರ್ ಬರೋ ಸಾಧ್ಯತೆ ಜಾಸ್ತಿ, ಕೊನೇ ತಿಂಗಳು ನೀವು ಲೆಕ್ಕ ಹಾಕಿದ್ದಕ್ಕಿಂತ ಮುಂಚೆಯೇ ಮಲಗಬೇಕಾಗಿ ಬರಬಹುದು. ಫೈಲು ಒಪ್ಪಿಸೋದನ್ನ ಏಳನೇ ತಿಂಗಳಿಗೇ ಮುಗಿಸಿ.

ನಿಮ್ಮವರ ವೀರ್ಯ ಪರೀಕ್ಷೆ ಆಗಿದೆಯಾ? ಬರೆದಿಲ್ಲ, ಅದಕ್ಕೆ ಕೇಳಿದೆ. ಹೆಂಗಸಿಗೆ ಇಷ್ಟೆಲ್ಲ ಟೆಸ್ಟು ಮುಗಿದ ಮೇಲೆ ಗಂಡನನ್ನು ಲ್ಯಾಬಿಗೆ ಕಳಿಸೋ ಮನೆಗಳೇ ಜಾಸ್ತಿ.

ಕಾನೂನು ಓದಿದವರೇ ನನ್ನ ಹತ್ರ ಬಂದು "ಎಆರ್‌ಟಿ ಕಾಯಿದೆಯಲ್ಲಿ 50ರವರೆಗೂ ಅವಕಾಶ ಇದೆಯಲ್ಲ ಮೇಡಂ" ಅಂತಾರೆ. ಐವಿಎಫ್ ಥರದ ಚಿಕಿತ್ಸೆಗೆ 2021ರ ಆ ಕಾಯಿದೆ ಹೆಣ್ಣಿಗೆ 50, ಗಂಡಿಗೆ 55 ಅಂತ ಹೊರಗಿನ ಬೇಲಿ ಹಾಕಿದೆ ಅಷ್ಟೆ. ನಿಮ್ಮ ಅಂಡಾಶಯ ಗೆಜೆಟ್ ಓದಲ್ಲ.

ಮತ್ತೆ ಸ್ಕ್ಯಾನಲ್ಲಿ ಗಂಡೋ ಹೆಣ್ಣೋ ಅಂತ ಮನೆಯಿಂದ ಯಾರಾದರೂ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ನಡೀತಿದ್ದ ಭ್ರೂಣಲಿಂಗ ಪತ್ತೆ ದಂಧೆ ಊರಿಗೆಲ್ಲ ಗೊತ್ತಾದ ಮೇಲೂ ಕೇಳೋದು ನಿಂತಿಲ್ಲ. "ತಡವಾಗಿ ಒಂದೇ ಮಗು, ಅದು ಗಂಡೇ ಆಗಲಿ" ಅಂತ ವಕೀಲರ ಮನೆಯವರೂ ಕೇಳ್ತಾರೆ.

ಕರಿಕೋಟು_ಕುವೆಂಪುನಗರ

ಡಾಕ್ಟರ್, ಅವರ ಟೆಸ್ಟು ಆಗಿಲ್ಲ. ಈ ವಾರ ಕಳಿಸ್ತೀನಿ. ಥ್ಯಾಂಕ್ಸ್.

ನಾಗಮಂಗಲ_ಬಸ್ಸು

ಡಾಕ್ಟರು ಹೇಳಿದ ಇಂಜೆಕ್ಷನ್ ದಿನಗಳನ್ನ ನಾನು ಕೋರ್ಟಲ್ಲೇ ಕಳೆದಿದ್ದು. ನನ್ನ ಡೋಸು ಮಧ್ಯಾಹ್ನಕ್ಕೆ ಬರ್ತಿತ್ತು. ಬೆಳಗಿನ ಬಸ್ಸಲ್ಲಿ ತಂಪು ಡಬ್ಬಿ ಮಡಿಲಲ್ಲಿ, ಫೈಲು ಕಾಲ ಕೆಳಗೆ. ಪಕ್ಕದವರು "ಏನವ್ವಾ, ಐಸ್ ಕ್ರೀಮಾ?" ಅಂತ ಕೇಳಿದ್ದೂ ಉಂಟು. ಲಂಚ್ ಬಿಟ್ಟ ತಕ್ಷಣ ಮಹಿಳಾ ವಕೀಲರ ರೂಮು. ಆ ರೂಮಲ್ಲಿ ಒಂದು ಮುರುಕಲು ಬೀರು, ಎರಡು ಕುರ್ಚಿ, ಚಿಲಕ ಸರಿಯಾಗಿ ಬೀಳದ ಬಾಗಿಲು. ಬಾಗಿಲಿಗೆ ಕುರ್ಚಿ ಒತ್ತರಿಸಿ, ಸೀರೆ ಸ್ವಲ್ಪ ಸಡಿಲ ಮಾಡಿ, ಹೊಕ್ಕುಳಿಂದ ಎರಡು ಬೆರಳು ಪಕ್ಕಕ್ಕೆ ಚರ್ಮ ಚಿವುಟಿ ಹಿಡಿದು ಪೆನ್ನು ಚುಚ್ಚಿ, ಹತ್ತು ಎಣಿಸಿ ತೆಗೀಬೇಕು. ಒಂದು ದಿನ ಆರೋ ಏಳೋ ಎಣಿಸ್ತಿರುವಾಗ ಹೊರಗಿಂದ ಗುಮಾಸ್ತರು "ಮೇಡಂ, ನಿಮ್ಮ ಮ್ಯಾಟ್ರು ಕೂಗ್ತಿದ್ದಾರೆ" ಅಂದರು. ಹತ್ತು ಮುಗಿಸೇ ಹೋದೆ. ಎದುರು ವಕೀಲರು ಆಗಲೇ "ನೋ ರೆಪ್ರೆಸೆಂಟೇಷನ್" ಅಂತ ಬರೆಸೋಕೆ ನೋಡ್ತಿದ್ದರು.

ಎರಡನೇ ಸಲ ಬುದ್ಧಿ ಬಂತು, ದಸರಾ ರಜೆಗೆ ಹೊಂದಿಸಿಕೊಂಡೆ. ಸಿವಿಲ್ ಕೋರ್ಟು ಮುಚ್ಚಿರತ್ತೆ, ಊರೆಲ್ಲ ಲೈಟು ನೋಡೋಕೆ ಹೊರಟಿರತ್ತೆ, ನೀವು ಆರಾಮಾಗಿ ಸ್ಕ್ಯಾನಿಗೆ ಹೋಗಬಹುದು. ಟ್ರಾಫಿಕ್ಕಲ್ಲಿ ಸಿಕ್ಕಿಕೊಳ್ಳದಿದ್ದರೆ.

ಬೇಸಿಗೆ ರಜೆಗೆ ಹೆರಿಗೆ ಬರೋ ಹಾಗೆ ಲೆಕ್ಕ ಹಾಕೋರೂ ನಮ್ಮಲ್ಲಿದ್ದಾರೆ. ಏಪ್ರಿಲ್ ಕೊನೆಗೆ ಮಗು ಬೇಕು ಅಂದ್ರೆ ಆಷಾಢದಲ್ಲಿ ಗರ್ಭ ನಿಲ್ಲಬೇಕು. ಬಿರುಬಿಸಿಲಲ್ಲಿ ಹೆರಿಗೆ ಬರಬಾರದು ಅಂತ ನಮ್ಮಜ್ಜಿಯರು ಹೊಸ ಸೊಸೆಯನ್ನ ಆಷಾಢಕ್ಕೆ ತವರಿಗೆ ಅಟ್ಟುತ್ತಿದ್ದರು. ಬಾರ್ ರೂಮಿನ ಪಂಚಾಂಗದಲ್ಲಿ ಅದೇ ಸುಮುಹೂರ್ತ. 😄

ರಿಟೈರ್ಡ್_ಮಿಸ್ಸು

ನಾನು ವಕೀಲೆ ಅಲ್ಲ, ವಕೀಲೆಯ ಅಮ್ಮ. ಮಗಳಿಗೆ 39ಕ್ಕೆ ಮಗು ಆಯಿತು, ನನಗೆ ಆಗ 68, ಮಂಡಿ ನೋವು. ನೀವೆಲ್ಲ ಕೋರ್ಟಿನ ಲೆಕ್ಕ ಹಾಕುತ್ತಿದ್ದೀರಿ, ಬಾಣಂತನದ ಲೆಕ್ಕ ಯಾರೂ ಹಾಕಿಲ್ಲ. ಮಗಳು ತಡ ಮಾಡಿದರೆ ತಾಯಿಗೂ ವಯಸ್ಸಾಗುತ್ತದೆ ಕಣ್ರಮ್ಮ. ನನ್ನ ತಾಯಿ ನನಗೆ ಮೂರು ತಿಂಗಳು ಎಣ್ಣೆ–ನೀರು, ಕಾರ, ಲೋಬಾನದ ಹೊಗೆ ಎಲ್ಲ ಒಬ್ಬರೇ ಮಾಡಿದರು, ಅವರಿಗಾಗ ಐವತ್ತೂ ಆಗಿರಲಿಲ್ಲ. ನನಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕಲು ಆಗಲಿಲ್ಲ. ನೀರು ಹಾಕುವವರನ್ನು ಗೊತ್ತು ಮಾಡಿದೆವು. ಅವರು ಬೆಳಿಗ್ಗೆ ಒಂದು ಗಂಟೆ ಬಂದು ಹೋದರೆ ಉಳಿದ ಇಪ್ಪತ್ತಮೂರು ಗಂಟೆ ನಾವೇ. ಅದೇ ವರ್ಷ ನಮ್ಮ ಯಜಮಾನರಿಗೆ ಹೃದಯದ ಆಪರೇಷನ್ನೂ ಆಯಿತು. ಒಂದು ಕಡೆ ಕೂಸು, ಇನ್ನೊಂದು ಕಡೆ ಅಪ್ಪ, ನಡುವೆ ಮಗಳ ಆರ್ಗ್ಯುಮೆಂಟು.

ಅಳಿಯ ಆರು ವಾರ ಮನೆಯಿಂದಲೇ ಕೆಲಸ ಮಾಡಿದರು. ನಾನು ಬಾಯಿಬಿಟ್ಟು ಕೇಳಿದ ಮೇಲೆ. ಕೇಳಿ. ಗಂಡಸರಿಗೆ ತಾವಾಗಿ ಹೊಳೆಯುತ್ತದೆ ಎಂದು ಕಾಯಬೇಡಿ.

ಜೆಎಂಎಫ್‌ಸಿ_ಕನಸು

ಅಕ್ಕಂದಿರೇ, ನಾನು ಮೈಸೂರಲ್ಲೇ ಕೊನೇ ವರ್ಷದ ಎಲ್‌ಎಲ್‌ಬಿ. ಇದನ್ನೆಲ್ಲ ಓದಿ ತಲೆ ಗಿರ್ ಅಂತಿದೆ. ಪ್ರಾಕ್ಟೀಸಿನ ಸಹವಾಸವೇ ಬೇಡ, ಸಿವಿಲ್ ಜಡ್ಜ್ ಪರೀಕ್ಷೆ ಬರೆದು ಸರ್ಕಾರಿ ಸಂಬಳ, ಸರ್ಕಾರಿ ರಜೆ ಅಂತ ಹೋದರೆ ಸರಿಹೋಗಲ್ವಾ?

ಕೋರ್ಟ್_ಹಾಲ್_ಒಳಗಿನಿಂದ

ಹೆಸರು ಹೇಳುವ ಹಾಗಿಲ್ಲ, ಅದಕ್ಕೆ ಈ ಐಡಿ. ತಂಗಿ, 180 ದಿನ ಹೆರಿಗೆ ರಜೆ ಇದೆ, ಸಂಬಳ ನಿಲ್ಲುವುದಿಲ್ಲ, ನಿಜ. ಆದರೆ ಲೆಕ್ಕ ನೋಡು. 2025ರ ಮೇನಲ್ಲಿ ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ಪ್ರಾಕ್ಟೀಸು ಕಡ್ಡಾಯ ಮಾಡಿತು. ಐದು ವರ್ಷದ ಕೋರ್ಸು ಮುಗಿಸಿದವರಿಗೆ 23, ಮೂರು ವರ್ಷ ಸೇರಿಸಿದರೆ 26, ಮೊದಲ ಸಲಕ್ಕೇ ಪಾಸಾಗುವವರು ಕಡಿಮೆ. ಆಮೇಲೆ ಪ್ರೊಬೇಷನ್, ಆಮೇಲೆ ವರ್ಗಾವಣೆ. ಮೈಸೂರಿನ ಹುಡುಗಿಗೆ ಮೊದಲ ಪೋಸ್ಟಿಂಗು ಯಾದಗಿರಿಯೋ ಬೀದರೋ ಆಗಬಹುದು, ಗಂಡನ ಕೆಲಸ ಮೈಸೂರಿನ ಹೆಬ್ಬಾಳದ ಫ್ಯಾಕ್ಟರಿಯಲ್ಲಿ. ಇಲ್ಲಿ ಬರೆದವರೆಲ್ಲ ಯಾವ ವಯಸ್ಸಿನಲ್ಲಿ ಸಿಕ್ಕಿಕೊಂಡರೋ ಅದೇ ವಯಸ್ಸಿಗೆ ನೀನೂ ಬಂದು ನಿಲ್ಲುತ್ತೀ. ಬೇಡ ಎನ್ನುತ್ತಿಲ್ಲ, ನನಗೆ ಈ ಕೆಲಸ ಇಷ್ಟ. ರಜೆಯ ಆಸೆಗೆ ಬರಬೇಡ.

ಒಳಗೂ ಎಲ್ಲ ನೆಟ್ಟಗಿಲ್ಲ ಎನ್ನುವುದಕ್ಕೆ ಮಧ್ಯಪ್ರದೇಶದ ಪ್ರಕರಣವೇ ಸಾಕು. ಪ್ರೊಬೇಷನ್‌ನಲ್ಲಿದ್ದ ಮಹಿಳಾ ನ್ಯಾಯಾಧೀಶರನ್ನು 2023ರಲ್ಲಿ ಕೆಲಸದಿಂದ ತೆಗೆದಿದ್ದರು. ಅವರಲ್ಲೊಬ್ಬರಿಗೆ ಗರ್ಭಪಾತ ಆಗಿತ್ತು, ಆ ಅವಧಿಯ ಕೇಸ್ ವಿಲೇವಾರಿ ಕಡಿಮೆ ಎಂದು ಬರೆದಿದ್ದರು. 2025ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿ ವಾಪಸ್ ಸೇರಿಸಿಕೊಳ್ಳಿ ಎಂದಿತು. ಪೀಠದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಗಂಡಸರಿಗೂ ಮುಟ್ಟಾಗುತ್ತಿದ್ದರೆ ಗೊತ್ತಾಗುತ್ತಿತ್ತು ಎಂಬರ್ಥದ ಮಾತು ವಿಚಾರಣೆ ವೇಳೆ ಆಡಿದ್ದೂ ಅವರೇ.

ಕಬ್ಬಿನಗದ್ದೆ_ವಕೀಲ

ನಾಗರತ್ನಮ್ಮೋರ ತಂದೆ ಇ.ಎಸ್. ವೆಂಕಟರಾಮಯ್ಯನೋರು ನಮ್ಮ ಮಂಡ್ಯ ಜಿಲ್ಲೆಯೋರೆಯ. 1989ರಲ್ಲಿ ದೇಶಕ್ಕೇ ಚೀಫ್ ಜಸ್ಟೀಸ್ ಆಗಿದ್ರು. ಸುಮ್ನೆ ಹೇಳ್ದೆ.

ಮಳಲವಾಡಿ_ಮೆಟ್ಟಿಲು

ಆ ಹೆಮ್ಮೆ ಮಗಳ ತೀರ್ಪು ಓದೋದರಲ್ಲೂ ಇರಲಿ ಸರ್.

ಯಾದವಗಿರಿ_ಒಬ್ಬಳೇ

ನನಗೆ 44. ಮಕ್ಕಳು ಬೇಡ ಅಂತ ನಿರ್ಧಾರ ಮಾಡಿದ್ದು ನಾನೇ, ಪ್ರಾಕ್ಟೀಸಿಗಾಗಿ ಅಲ್ಲ, ಬೇಡ ಅನಿಸಿತು, ಅಷ್ಟೆ. ಹೇಳೋಕಿರೋದು ಒಂದೇ: ಮಕ್ಕಳಿಲ್ಲದ ವಕೀಲೆ ಅಂದ್ರೆ ಎಲ್ಲರ ಡೇಟೂ ಅವಳೇ ನೋಡ್ಕೊತಾಳೆ ಅನ್ನೋ ಲೆಕ್ಕ ಬೇಡ. ನನ್ನ ಸಂಜೆಗೂ ಬೆಲೆ ಇದೆ. ಕೇಳಿದರೆ ಮಾಡ್ತೀನಿ, ಫೀಸು ಕೊಟ್ಟರೆ ಇನ್ನೂ ಚೆನ್ನಾಗಿ ಮಾಡ್ತೀನಿ.

ದತ್ತು_ಫೈಲು

ಐವಿಎಫ್ ಕೈಹಿಡಿಯದಿದ್ದರೆ ಆಮೇಲೆ ದತ್ತು ನೋಡೋಣ ಅಂತ ಇಟ್ಟುಕೊಳ್ಳೋರಿಗೆ ಒಂದು ಎಚ್ಚರಿಕೆ. 2022ರ ದತ್ತು ನಿಯಮಗಳಲ್ಲಿ ಗಂಡಹೆಂಡಿರ ವಯಸ್ಸನ್ನು ಕೂಡಿಸಿ ನೋಡ್ತಾರೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಇಬ್ಬರದೂ ಸೇರಿ 85 ಮೀರಬಾರದು, ಎರಡರಿಂದ ನಾಲ್ಕರ ಮಗುವಿಗೆ 90. ಒಂಟಿ ಹೆಣ್ಣಿಗೆ 40 ಮತ್ತು 45. ಸರದಿ ವರ್ಷಗಟ್ಟಲೆ ಇರತ್ತೆ, ಹಾಗಾಗಿ ಈಗಲೇ ಒಮ್ಮೆ ಕೂಡಿ ನೋಡಿ. ದತ್ತು ಆದೇಶ ಈಗ ಜಿಲ್ಲಾ ನ್ಯಾಯಾಲಯದ್ದಲ್ಲ, ಜಿಲ್ಲಾಧಿಕಾರಿಯದ್ದು. ಕೆಲವು ವಕೀಲರೇ ಇನ್ನೂ ಪಿಟಿಷನ್ ಡ್ರಾಫ್ಟ್ ಮಾಡ್ಕೊಂಡು ಕೂತಿರ್ತಾರೆ.

ಕರಿಕೋಟು_ಕುವೆಂಪುನಗರ

ಎಲ್ಲ ಓದಿದೆ, ಎರಡೆರಡು ಸಲ. ದಸರಾ ರಜೆಗೆ ಹೊಂದಿಸೋದು ನನಗೂ ಸರಿ ಕಾಣ್ತಿದೆ. ಆದರೆ ಅಸಲು ಪ್ರಶ್ನೆ ಅಲ್ಲೇ ಉಳೀತು. ಪಾರ್ಟಿಗೆ ಯಾವಾಗ ಹೇಳೋದು, ಫೈಲು ಯಾರಿಗೆ ಕೊಡೋದು? ಜೂನಿಯರ್ ಇದ್ದಾಳೆ, ಎರಡನೇ ವರ್ಷ. ಡೇಟು ತಗೋತಾಳೆ, ಕ್ರಾಸು ಆಗಲ್ಲ. ಸೀನಿಯರ್ ಹತ್ರ ವಾಪಸ್ ಒಯ್ದು ಕೊಟ್ಟರೆ ಅವು ಮತ್ತೆ ನನ್ನ ಕೈಗೆ ಬರಲ್ಲ.

ಎರಡು_ಹೆಸರಿನ_ವಕಾಲತ್ತು

ನಾನು ಮಾಡಿದ್ದು ಹೇಳ್ತೀನಿ, ನಿಮಗೆ ಹೊಂದಿದರೆ ನೋಡಿ. ನನ್ನದೂ ತಡವಾದ ಹೆರಿಗೆ, ಫ್ಯಾಮಿಲಿ ಕೋರ್ಟು ಮತ್ತು ಸಿವಿಲ್. ಗರ್ಭ ನಿಲ್ಲೋಕೆ ಮೊದಲೇ, ಚಿಕಿತ್ಸೆ ಶುರು ಅಂತ ಗೊತ್ತಾದ ತಿಂಗಳಿಂದ, ಹೊಸದಾಗಿ ಬಂದ ಪ್ರತಿ ಫೈಲಿನ ವಕಾಲತ್ತಿಗೂ (ಪಾರ್ಟಿ ನಮ್ಮನ್ನ ವಕೀಲರು ಅಂತ ನೇಮಿಸೋ ಪತ್ರ) ಇನ್ನೊಬ್ಬ ವಕೀಲೆಯ ಹೆಸರು ಸೇರಿಸಿದೆ. ನನ್ನಷ್ಟೇ ಅನುಭವದವಳು, ನನ್ನ ಬ್ಯಾಚೇ. ಅವಳ ಫೈಲುಗಳಿಗೆ ನನ್ನ ಹೆಸರು. ಇಬ್ಬರದೂ ಆಫೀಸು ಬೇರೆ, ಬೋರ್ಡು ಬೇರೆ. ಹಳೇ ಫೈಲುಗಳಲ್ಲಿ ಸಾಕ್ಷಿ ಹಂತಕ್ಕೆ ಬಂದವಕ್ಕೆ ಮಾತ್ರ ಪಾರ್ಟಿ ಸಹಿ ಹಾಕಿಸಿ ಎರಡನೇ ವಕಾಲತ್ತು ಹಾಕಿದ್ವಿ. ನನ್ನ ಹೆಸರು ತೆಗೆಯದೇ ಇದ್ದಿದ್ದರಿಂದ ಎನ್‌ಓಸಿ ಮಾತೇ ಬರಲಿಲ್ಲ.

ಪಾರ್ಟಿಗೆ ಅವಳನ್ನ ತೋರಿಸಿದ್ದು ಹೊಟ್ಟೆ ಕಾಣೋಕೆ ಮೊದಲು. ಗೌನು ಹಾಕಿದರೆ ಏಳನೇ ತಿಂಗಳವರೆಗೂ ಕೋರ್ಟಲ್ಲಿ ಯಾರಿಗೂ ಗೊತ್ತಾಗಲ್ಲ, ಆ ಕಾಲಾವಕಾಶ ಬಳಸ್ಕೊಳ್ಳಿ. "ನನಗೆ ರಜೆ, ಇವರು ಬರ್ತಾರೆ" ಅಂತ ಹೇಳಬೇಡಿ. "ನಿಮ್ಮ ಕೇಸಿಗೆ ನಾವಿಬ್ಬರು" ಅಂತ ಹೇಳಿ, ಎರಡು ಡೇಟಿಗೆ ಇಬ್ಬರೂ ಹೋಗಿ ನಿಂತುಕೊಳ್ಳಿ. ಹಳ್ಳಿಯವರಿಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಒಂದೇ ದುಡ್ಡಿಗೆ ಇಬ್ಬರು ಲಾಯರು ಅಂತ ಖುಷಿಯೇ ಪಡ್ತಾರೆ. ಪ್ರತಿ ಫೈಲಿನ ಮೇಲೆ ಒಂದು ಹಾಳೆ ಪಿನ್ ಮಾಡಿದ್ದೆ: ಯಾವ ಹಂತ, ಯಾವ ದಾಖಲೆಗೆ ಎಕ್ಸಿಬಿಟ್ ನಂಬರು ಆಗಿದೆ, ಯಾವ ಸಾಕ್ಷಿ ಸುಳ್ಳು ಹೇಳ್ತಾನೆ, ಪಾರ್ಟಿಯ ಅಣ್ಣತಮ್ಮಂದಿರಲ್ಲಿ ಯಾರು ರಾಜಿಗೆ ಬಗ್ತಾರೆ. ಕೊನೇದು ಆರ್ಡರ್ ಶೀಟಲ್ಲಿ ಇರಲ್ಲ, ನಿಮ್ಮ ತಲೇಲಿ ಮಾತ್ರ ಇರತ್ತೆ, ಅದನ್ನ ಬರೀಲೇಬೇಕು.

ಮಗುವಿಗೆ ಎರಡು ತಿಂಗಳಾದ ಮೇಲೆ ಮನೆಯಿಂದ ಡ್ರಾಫ್ಟಿಂಗ್ ಶುರು ಮಾಡಿದೆ, ಇ–ಫೈಲಿಂಗ್ ಇದೆಯಲ್ಲ. ವೀಡಿಯೊ ಕಾನ್ಫರೆನ್ಸಲ್ಲಿ ಐ.ಎ. ಆರ್ಗ್ಯುಮೆಂಟು ಕೆಲವು ಮಾಡಿದೆ, ನಡುವೆ ಮಗು ಅತ್ತಿದ್ದೂ ಆಯ್ತು. ಸಾಹೇಬರು ಮೈಕ್ ಆಫ್ ಮಾಡ್ಕೊಳ್ಳಿ ಅಂದರು, ವಾದ ಮುಗಿದಿರಲಿಲ್ಲ, ನಾನು ಮಾಡಲಿಲ್ಲ.

ಫೈಲು_ಹೋಯ್ತು

ಇದು ಕೇಳೋಕೆ ಚೆಂದ. ನಾನೂ ಹೀಗೇ ಒಬ್ಬರನ್ನ ನಂಬಿ ಫೈಲು ಕೊಟ್ಟು ಬಾಣಂತನಕ್ಕೆ ಹೋದೆ. ವಾಪಸ್ ಬಂದಾಗ ಪಾರ್ಟಿಗಳು ಅವರ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದರು, ನನ್ನ ನೋಡಿ "ಚೆನ್ನಾಗಿದ್ದೀರಾ ಮೇಡಂ, ಮಗು ಹೇಗಿದೆ" ಅಂದರು. ಕೇಸಿನ ಮಾತಿಲ್ಲ. ಗಂಡಸು ತಗೊಂಡಿದ್ದರೆ ಬೈದು ಸುಮ್ಮನಾಗ್ತಿದ್ದೆ. ಹೆಂಗಸು.

ಎರಡು_ಹೆಸರಿನ_ವಕಾಲತ್ತು

ಅದಕ್ಕೇ ಬರವಣಿಗೆ. ಹೆಂಗಸರು ಹೆಂಗಸರು ಅಂತ ಬಾಯಿಮಾತಲ್ಲಿ ಬಿಟ್ಟರೆ ಹೀಗೇ ಆಗೋದು. ವಕೀಲರಲ್ಲದವರ ಜೊತೆ ಫೀಸು ಹಂಚ್ಕೋಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ, ವಕೀಲರು ವಕೀಲರು ಹಂಚ್ಕೊಳ್ಳೋಕೆ ಅಡ್ಡಿಯಿಲ್ಲ. ನಮ್ಮ ಕರಾರು ಒಂದು ಪುಟದ್ದು. ಫೈಲು ತಂದವರಿಗೆ ಫೀಸಿನ ಒಂದು ಪಾಲು, ಆ ಹಂತದಲ್ಲಿ ಕೋರ್ಟಲ್ಲಿ ನಿಂತವರಿಗೆ ಇನ್ನೊಂದು ಪಾಲು, ಎಷ್ಟೆಷ್ಟು ಅಂತ ಹಂತವಾರು ಬರೆದಿದೆ. ಆ ಪಾರ್ಟಿಯ ಮುಂದಿನ ಕೇಸು ಬಂದರೆ ಮೊದಲು ತಂದವಳದೇ. ನಾವು ಬೇರೆಯವರಿಗೆ ಕರಾರು ಬರೆದುಕೊಟ್ಟು ಬದುಕೋರು, ನಮ್ಮದಕ್ಕೆ ಮಾತ್ರ ಸಂಕೋಚ ಯಾಕೆ?

ಒಂಟಿಕೊಪ್ಪಲ್_ಹಳಬಳು

ಇದು ನಮ್ಮ ಕಾಲದಲ್ಲಿ ಹೊಳೆಯಲೇ ಇಲ್ಲ. ಇನ್ನೊಂದು ಸೇರಿಸಮ್ಮ, ಜೂನಿಯರ್ ಹುಡುಗಿಯ ವಿಷಯ. ನೀನಿಲ್ಲದ ತಿಂಗಳುಗಳಲ್ಲಿ ನಿಜವಾಗಿ ಓಡಾಡುವವಳು ಅವಳು. 2024ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಸಲಹೆ ಮಾತ್ರ, ಯಾರೂ ಕೊಡುತ್ತಿಲ್ಲ. ನೀನು ಬಾಣಂತನದಲ್ಲಿರುವಾಗ ಅವಳಿಗೆ ಪೆಟ್ರೋಲ್ ದುಡ್ಡು ಕೊಟ್ಟು ಕೈತೊಳೆದುಕೊಂಡರೆ, ಹತ್ತು ವರ್ಷ ಬಿಟ್ಟು ಅವಳು ಇದೇ ಪ್ರಶ್ನೆ ಬರೆಯುತ್ತಾಳೆ.

ಮತ್ತೆ ಆ ಮುರುಕಲು ಬೀರುವಿನ ರೂಮಿನ ವಿಷಯ. ಜಿಲ್ಲಾ ವಕೀಲರ ಸಂಘಗಳ ಆಡಳಿತ ಮಂಡಳಿಯಲ್ಲಿ ಶೇ 30ರಷ್ಟು ಹೆಣ್ಣುಮಕ್ಕಳು ಇರಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೇಳಿದೆಯಲ್ಲ. ಗೆದ್ದು ಬಂದವರು ಮೊದಲು ಆ ಚಿಲಕ ರಿಪೇರಿ ಮಾಡಿಸಲಿ. ಒಂದು ಸಣ್ಣ ಫ್ರಿಜ್ಜು, ಒಂದು ತೊಟ್ಟಿಲು. ಸನ್ಮಾನದ ಶಾಲಿನ ಖರ್ಚಿಗಿಂತ ಹೆಚ್ಚಾಗುವುದಿಲ್ಲ.

ಕರಿಕೋಟು_ಕುವೆಂಪುನಗರ

ಕರಾರಿನ ನಮೂನೆ ಇದ್ದರೆ ಹಾಕಿ ಅಕ್ಕ, ಹೆಸರು ತೆಗೆದು. ಮೈಸೂರಿನ ಫೈಲುಗಳಿಗೆ ಒಬ್ಬಳು ಮನಸ್ಸಲ್ಲಿದ್ದಾಳೆ, ಈ ಭಾನುವಾರ ಮಾತಾಡ್ತೀನಿ. ಜೂನಿಯರಿಗೂ ಸ್ಟೈಪೆಂಡ್ ಜಾಸ್ತಿ ಮಾಡ್ತೀನಿ, 20,000 ಮುಟ್ಟೋಕೆ ಇನ್ನೂ ಸ್ವಲ್ಪ ದೂರ ಇದೆ. ಪಾಂಡವಪುರಕ್ಕೆ ಮಾತ್ರ ಯಾರೂ ಹೊಳೀತಿಲ್ಲ, ಅಲ್ಲಿಗೆ ಮೈಸೂರಿಂದ ದಿನಾ ಯಾರು ಬರ್ತಾರೆ?

ಕಬ್ಬಿನಗದ್ದೆ_ವಕೀಲ

ಪಾಂಡವಪುರಕ್ಕೆ ವಾರಕ್ಕೆರಡು ಸಲ ನಾನ್ ಓಯ್ತೀನಿ ಮೇಡಂ. ಡೇಟ್ ತಗಳಕ್ಕೆ ಫೀಸ್ ಬ್ಯಾಡ, ಕ್ರಾಸ್ ಮಾಡದಾದ್ರೆ ಬೇಕು. ನಿಮ್ಮ ಪಾರ್ಟಿ ನಂಗೆ ಬ್ಯಾಡ, ನಂಗೆ ಇರೋರೇ ಸಾಕಾಗವ್ರೆ.

ಮಳಲವಾಡಿ_ಮೆಟ್ಟಿಲು

ಬರೆಸ್ಕೊಳ್ಳಿ ಮೇಡಂ, ಬರೆಸ್ಕೊಳ್ಳಿ. ಮಂಡ್ಯದವರು.

ಕಬ್ಬಿನಗದ್ದೆ_ವಕೀಲ

ಸ್ಟಾಂಪ್ ಪೇಪರ್ ತತ್ತೀನಿ ಬುಡಿ. ಸಾಕ್ಷಿ ಸಹಿಗೆ ನೀವೇ ಬನ್ನಿ.